ಕೊನೆಯ ಹಕ್ಕಿಯ ತಾರೀಖು

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ನಾಲ್ಕು ವರ್ಷಕ್ಕೆ ನಾಲ್ಕೇ ಸಾಲು. ಪ್ರತಿ ಸಾಲಿನಲ್ಲೂ ಒಂದು ತಾರೀಖು, ಅದರ ಮುಂದೆ ‘ಹೊರಟವು’ ಎಂಬ ಒಂದೇ ಪದ. ನಾಲ್ಕು ತಾರೀಖುಗಳೂ ಸೆಪ್ಟೆಂಬರಿನ ಮೊದಲ ವಾರದಲ್ಲೇ ಬೀಳುತ್ತಿದ್ದವು. ಆ ನಾಲ್ಕು ಸಾಲನ್ನು ನಂಬಿ ನಾನು ಮಾವನವರ ವಿಮಾನದ ಟಿಕೆಟ್ ತೆಗೆಸಿದೆ.

ಹಕ್ಕಿಗಳ ವಿಷಯ ಮೊದಲು ಹೇಳಬೇಕು. ಆಕ್ಲೆಂಡಿಗೆ ಬಂದ ಮೇಲೆ ನನಗೆ ಸಿಕ್ಕ ಕೆಲಸ ಈಸ್ಟ್ ತಮಾಕಿಯ ಒಂದು ಗೋದಾಮಿನಲ್ಲಿ. ಯಾವ ಲಾರಿಗೆ ಯಾವ ಪೆಟ್ಟಿಗೆ, ಎಷ್ಟು ಹೊತ್ತಿಗೆ ಎಂದು ಬರೆದಿಡುವ ಕೆಲಸ. ಮೈಸೂರಿನಲ್ಲಿ ಸಂಜೆ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹನ್ನೊಂದು ವರ್ಷ ಕೂತಿದ್ದವನಿಗೆ ಇದು ಅಷ್ಟೇನೂ ಬೇರೆ ಅನ್ನಿಸಲಿಲ್ಲ. ಅಲ್ಲೂ ಸಂಜೆಯೊಳಗೆ ಬಂಡಲು ಹೊರಡಬೇಕಿತ್ತು, ಇಲ್ಲೂ ಅಷ್ಟೆ. ನನ್ನ ಮೇಜು ಮೊದಲ ಮಹಡಿಯ ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಯಾಚೆ ಪಕ್ಕದ ಕಾರ್ಖಾನೆಯ ಚಪ್ಪಟೆ ಸೂರು. ಅದರಾಚೆ ಸಮುದ್ರದ ನೀರು ಒಳನುಗ್ಗುವ ಕೆಸರು ಬಯಲು.

ಸೇರಿದ ಮೊದಲ ಚಳಿಗಾಲದಲ್ಲೇ ಗಮನಿಸಿದೆ. ಉಬ್ಬರ ಬಂದು ಕೆಸರು ಬಯಲು ಮುಳುಗಿದಾಗ ಪುಟ್ಟ ಬೂದು ಹಕ್ಕಿಗಳ ಹಿಂಡೊಂದು ಎದ್ದು ಬಂದು ಆ ಸೂರಿನ ಮೇಲೆ ಇಳಿಯುತ್ತಿತ್ತು. ಇನ್ನೂರು, ಕೆಲವು ದಿನ ಮುನ್ನೂರು. ಎಲ್ಲವೂ ಗಾಳಿಗೆ ಮುಖ ಮಾಡಿ ಒಂಟಿ ಕಾಲಿನಲ್ಲಿ ನಿಲ್ಲುತ್ತಿದ್ದವು. ನೀರು ಇಳಿದ ಮೇಲೆ ಮತ್ತೆ ಕೆಸರಿಗೆ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಸಮೋವಾದವನೊಬ್ಬನಿದ್ದ. ಅವನೇ ನನಗೆ ಹೆಸರು ಹೇಳಿಕೊಟ್ಟದ್ದು: ರೈಬಿಲ್. ಕೊಕ್ಕನ್ನು ಸರಿಯಾಗಿ ನೋಡು ಅಂದ. ಮರುದಿನ ಮಗಳ ಬೈನಾಕ್ಯುಲರ್ ತೆಗೆದುಕೊಂಡು ಹೋಗಿ ನೋಡಿದೆ. ಕೊಕ್ಕಿನ ತುದಿ ಬಲಕ್ಕೆ ತಿರುಗಿತ್ತು. ಒಂದರದ್ದಲ್ಲ, ಎಲ್ಲದರದ್ದೂ. ಕೊಕ್ಕು ಕೆಳಕ್ಕೆ ಬಾಗಿದ, ಮೇಲಕ್ಕೆ ಬಾಗಿದ ಹಕ್ಕಿಗಳು ಬೇಕಾದಷ್ಟಿವೆ. ಹೀಗೆ ಪಕ್ಕಕ್ಕೆ ಬಾಗಿದ್ದು ಪ್ರಪಂಚದಲ್ಲಿ ಇದೊಂದೇ. ಈ ದೇಶದ ದಕ್ಷಿಣ ದ್ವೀಪದ ನದಿಗಳಲ್ಲಿ ದುಂಡು ಕಲ್ಲುಗಳ ಅಡಿಯಿಂದ ಹುಳು ತೆಗೆಯುವುದಕ್ಕೆ ಅನುಕೂಲವಂತೆ. ಚಳಿಗಾಲ ಕಳೆಯುವುದಕ್ಕೆ ಇಲ್ಲಿಗೆ ಬರುತ್ತವೆ, ವಸಂತ ಹತ್ತಿರವಾದಾಗ ಮರಿ ಮಾಡಲು ದಕ್ಷಿಣಕ್ಕೆ ಹೋಗುತ್ತವೆ. ಇಲ್ಲಿಯ ವಸಂತ ಶುರುವಾಗುವುದು ಸೆಪ್ಟೆಂಬರಿನಲ್ಲಿ.

ನಾನು ಮೇಜಿನ ಮುಂದೆ ಲಾರಿಗಳ ವೇಳಾಪಟ್ಟಿಯ ಪಕ್ಕದಲ್ಲಿ ಉಬ್ಬರ ಇಳಿತದ ಪಟ್ಟಿಯನ್ನೂ ಅಂಟಿಸಿಕೊಂಡೆ. ಸೂರು ಖಾಲಿಯಾದ ದಿನ ಡೈರಿಯಂಗಡಿಯಲ್ಲಿ, ಅಂದರೆ ಇಲ್ಲಿಯ ಮೂಲೆಯಂಗಡಿಯಲ್ಲಿ, ಒಂದು ನೋಟ್‌ಬುಕ್ ಕೊಂಡು ಮೊದಲ ಸಾಲು ಬರೆದೆ.

ಬರೆದದ್ದು ಮಾವನವರಿಗೆ ಹೇಳಲು. ಅವರು ಗದಗದ ಕಡೆಯವರು. ನೀರಾವರಿ ಇಲಾಖೆಯಲ್ಲಿ ಒಂದು ಕೆರೆಯ ನೀರಿನ ಮಟ್ಟ ಓದಿ ಬರೆಯುವ ನೌಕರಿ ಮಾಡಿ ನಿವೃತ್ತರಾದವರು. ಆ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತಿದ್ದವು. ಮಾವ ನೀರಿನ ಮಟ್ಟದ ರಿಜಿಸ್ಟರಿನ ಅಂಚಿನಲ್ಲಿ ಅವು ಬಂದದ್ದು, ಹೋದದ್ದನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಇಲಾಖೆ ಕೇಳಿದ್ದಲ್ಲ. ಮದುವೆಯಾದ ಹೊಸದರಲ್ಲಿ ನನಗೂ ಅವರಿಗೂ ಮಾತಾಡಲು ವಿಷಯವೇ ಇರಲಿಲ್ಲ. ಅವರ ಕನ್ನಡ ನನಗೆ, ನನ್ನ ಕನ್ನಡ ಅವರಿಗೆ ಅರ್ಧ ಬೇರೆ ಭಾಷೆಯಾಗಿತ್ತು. ಹಕ್ಕಿಗಳು ಸಿಕ್ಕ ಮೇಲೆ ಭಾನುವಾರದ ಫೋನಿನಲ್ಲಿ ಹೆಂಡತಿ ಮಾತು ಮುಗಿಸಿ ರಿಸೀವರನ್ನು ನನಗೆ ಕೊಡುವುದು ರೂಢಿಯಾಯಿತು.

ಕೊಕ್ಕಿನ ವಿಷಯ ಹೇಳಿದಾಗ ಅವರು ನಂಬಲಿಲ್ಲ.

“ಮುರದಿರ್ಬೇಕ್ರಿ ಅಳಿಯಂದ್ರ.”

“ಮುನ್ನೂರು ಹಕ್ಕಿದೂ ಒಂದೇ ಕಡೆ ಮುರಿಯುತ್ತಾ ಮಾವ?”

“ಫೋಟೋ ಕಳಸ್ಯಾಳ ನಿಮ್ಮ ಮಗಳು. ಅದರಾಗ ಅಂಗಿ ಗುಂಡಿಯಷ್ಟು ಬೂದಿ ಚುಕ್ಕಿ ಕಾಣತೈತಿ. ನಾ ಕಣ್ಣಾರೆ ನೋಡೂತನಕಾ ನನ್ನ ಪುಸ್ತಕದಾಗ ಬರಿಯಾಂಗಿಲ್ಲ.”

ಅವರ ಪುಸ್ತಕವೆಂದರೆ ನಿವೃತ್ತಿಯಾದ ಮೇಲೆ ಮನೆಯಲ್ಲಿ ಇಟ್ಟುಕೊಂಡ ಇನ್ನೊಂದು ರಿಜಿಸ್ಟರು. ತಾವು ನೋಡಿದ ಪ್ರತಿ ಹಕ್ಕಿಗೂ ಅದರಲ್ಲಿ ಒಂದು ಸಾಲು ಇತ್ತು. ಆದರೆ ಕಣ್ಣಾರೆ ನೋಡುವ ಮಾತೇ ಕಷ್ಟದ್ದಾಗಿತ್ತು. ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆಯಿಂದ ಅವರ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ನೋಟ ಸುತ್ತಲಿಂದ ಕಿರಿದಾಗುತ್ತಾ ಕೊಳವೆಯಲ್ಲಿ ನೋಡಿದಂತೆ ಆಗಿತ್ತು. ಔಷಧಿ ಹಾಕುತ್ತಿದ್ದರು. ಇನ್ನೊಂದೆರಡು ವರ್ಷ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಹಾಗಾಗಿ ಕರೆಸಿಕೊಳ್ಳುವುದಾದರೆ ಆ ವರ್ಷವೇ ಕರೆಸಿಕೊಳ್ಳಬೇಕಿತ್ತು.

ಹೆಂಡತಿ ಜೂನ್ ಅಂದಳು. ನಾನು ಆಗಸ್ಟ್ ಅಂದೆ. ಜೂನ್ ಜುಲೈ ಇಲ್ಲಿ ಚಳಿ, ಅವರ ಮಂಡಿ ನೋವು ಹೆಚ್ಚಾಗುತ್ತದೆ, ಹಕ್ಕಿಗಳು ಹೇಗೂ ಸೆಪ್ಟೆಂಬರಿನ ತನಕ ಇರುತ್ತವೆ, ನಾಲ್ಕು ವರ್ಷ ನೋಡಿ ಬರೆದಿದ್ದೇನೆ ಎಂದು ನೋಟ್‌ಬುಕ್ ತೆಗೆದು ತೋರಿಸಿದೆ. ಆಗಸ್ಟಿನ ಎರಡನೇ ವಾರಕ್ಕೆ ಟಿಕೆಟ್ ಆಯಿತು. ಮೂರು ವಾರ ಕೈಯಲ್ಲಿರುತ್ತದೆ ಎಂಬುದು ನನ್ನ ಲೆಕ್ಕ.

ಆ ವರ್ಷ ಚಳಿ ಬರಲಿಲ್ಲ. ಜೂನಿನಲ್ಲಿ ಎರಡು ಮೂರು ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತು, ಅಷ್ಟೆ. ಹೀಟರನ್ನು ಗ್ಯಾರೇಜಿನಿಂದ ಹೊರಗೆ ತೆಗೆಯಲೇ ಇಲ್ಲ. ಪಾಪಟೋಟೊಯಿಯ ನಮ್ಮ ಮನೆಯ ಹಿಂದಿನ ಪ್ಲಮ್ ಮರ ಜುಲೈ ಮುಗಿಯುವ ಮೊದಲೇ ಹೂ ಬಿಟ್ಟಿತು. ಬೀದಿಯ ಇಂಡಿಯನ್ ಅಂಗಡಿಯಲ್ಲಿ ಸಿಕ್ಕವರೆಲ್ಲ ಈ ಸಲ ಏನು ಆರಾಮ ಎಂದೇ ಮಾತು ಶುರು ಮಾಡುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ. ಮಾವನ ಮಂಡಿಗೆ ಒಳ್ಳೆಯದಾಯಿತು ಎಂದುಕೊಂಡಿದ್ದೆ.

ಜುಲೈ ಮಧ್ಯದ ಒಂದು ಭಾನುವಾರ ಮಾವ ಫೋನಿನಲ್ಲಿ ಕೇಳಿದರು. “ಥಂಡಿ ಹೆಂಗೈತ್ರಿ?”

“ಥಂಡಿಯೇ ಇಲ್ಲ ಮಾವ. ಒಂದು ಸ್ವೆಟರ್ ತಂದರೆ ಸಾಕು.”



“ಹಂಗಾದ್ರ ಹಕ್ಕಿ?”

“ಅವು ಸೆಪ್ಟೆಂಬರ್ ತನಕ ಇರ್ತವೆ. ನಾಲ್ಕು ವರ್ಷದ ರೆಕಾರ್ಡ್ ಇದೆಯಲ್ಲ.”

“ನಾಕ ವರ್ಷಾ?” ಅವರು ನಕ್ಕರು. “ನಾಕ ವರ್ಷದ್ದು ರೆಕಾರ್ಡ್ ಅಲ್ರಿ ಅಳಿಯಂದ್ರ, ಸುದ್ದಿ. ನೀವು ಪೇಪರಿನವ್ರು. ನಮ್ಮ ಕೆರಿಯಾಗ ಥಂಡಿ ಕಮ್ಮಿ ಬಿದ್ದ ವರ್ಷ ಬಾತು ಹದಿನೈದು ದಿನ ಮೊದಲ ಜಾಗಾ ಬಿಡತಿದ್ವು. ಟಿಕೀಟು ಹಿಂದ ಮುಂದ ಆಗತೈತೇನು?”

“ಏನೂ ಬೇಡ ಮಾವ. ಹದಿನೈದು ದಿನ ಮುಂಚೆ ಹೋದರೂ ಒಂದು ವಾರ ಸಿಗುತ್ತೆ.”

“ನಿಮ್ಮ ಊರು, ನಿಮ್ಮ ಹಕ್ಕಿ,” ಅಂದರು. ಟಿಕೆಟ್ ಬದಲಾಯಿಸಬಹುದಿತ್ತು. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ನಾನು ಮಾಡಲಿಲ್ಲ.

ಜುಲೈ ಕೊನೆಯ ವಾರದಿಂದ ಸೂರಿನ ಮೇಲೆ ಜಾಗ ಕಾಣಿಸತೊಡಗಿತು. ಮೊದಲು ಹಕ್ಕಿಗಳು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದವು, ಈಗ ಮಧ್ಯದಲ್ಲಿ ಮಳೆನೀರು ನಿಂತ ಹೊಂಡಗಳು ಕಾಣುತ್ತಿದ್ದವು. ಎದೆಯ ಮೇಲಿನ ಕಪ್ಪು ಪಟ್ಟಿ, ಮರಿ ಮಾಡುವ ಕಾಲದ ಗುರುತು, ಆಗಲೇ ಎದ್ದು ಕಾಣುವಷ್ಟು ದಟ್ಟವಾಗಿತ್ತು. ನಾನು ದಿನವೂ ಎಣಿಸಿದೆ. ನೂರೆಂಬತ್ತು. ನೂರಾ ಹತ್ತು. ಗಾಳಿ ಉತ್ತರದಿಂದ ಬೀಸಿದ ಒಂದು ದಿನ ಕಳೆದ ಮೇಲೆ ಅರವತ್ತು. ಎಣಿಸುವುದರಿಂದ ಏನೂ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಎಣಿಸಿದೆ.

ಫೋರ್ಕ್‌ಲಿಫ್ಟಿನವನು ಸ್ಮೋಕೋಗೆ, ಅಂದರೆ ಬೆಳಗಿನ ಟೀ ವಿರಾಮಕ್ಕೆ, ಮೇಲೆ ಬಂದು ಕಿಟಕಿಯಲ್ಲಿ ಇಣುಕಿದ. “ಏನು ಬ್ರೋ, ನಿನ್ನ ಬಾಡಿಗೆಯವರು ಮನೆ ಖಾಲಿ ಮಾಡ್ತಾ ಇದ್ದಾರೆ? ನೋಟಿಸ್ ಕೊಟ್ಟಿರಲಿಲ್ವಾ?” ಎಂದು ಅವನ ಇಂಗ್ಲಿಷಿನಲ್ಲಿ ಕೇಳಿದ. ಮಾವ ಬರುವುದು ಅವನಿಗೆ ಗೊತ್ತಿತ್ತು. ನನ್ನ ಮುಖ ನೋಡಿ ಟೀ ಕಪ್ ಹಿಡಿದುಕೊಂಡು ಇಳಿದು ಹೋದ.

ಮಾವ ಬಂದಿಳಿದ ದಿನ ಸೂರಿನ ಮೇಲೆ ಹದಿನಾಲ್ಕು ಹಕ್ಕಿ ಇದ್ದವು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ಅವರು ಮುಂದಿನ ಸೀಟಿನಲ್ಲಿ ಕೂತು ಕುತ್ತಿಗೆ ತಿರುಗಿಸಿ ಒಳ್ಳೆಯ ಕಣ್ಣಿನಿಂದ ನನ್ನನ್ನು ನೋಡಿದರು.

“ಎಷ್ಟು ಅದಾವ್ರಿ?”

“ಹದಿನಾಲ್ಕು.”

ಹಿಂದಿನ ಸೀಟಿನಿಂದ ಹೆಂಡತಿ, “ಮುನ್ನೂರು ಅಂದಿದ್ರಿ!” ಅಂದಳು.

“ಹದಿನಾಕ ಸಾಕಲ್ಲ,” ಅಂದರು ಮಾವ. “ನನಗ ಬೇಕಾದ್ದು ಒಂದು.”

ಮಾರನೆಯ ದಿನವೇ ಕರೆದುಕೊಂಡು ಹೋಗೋಣ ಎಂದರೆ ಆಗಲಿಲ್ಲ. ರಸ್ತೆಯಿಂದ ಸೂರು ಕಾಣುವುದಿಲ್ಲ, ನನ್ನ ಕಿಟಕಿಯಿಂದ ಮಾತ್ರ ಕಾಣುವುದು. ಕೆಲಸದ ದಿನ ಹೊರಗಿನವರನ್ನು ಗೋದಾಮಿನೊಳಗೆ ಬಿಡುವುದಿಲ್ಲ ಎಂದು ನಮ್ಮ ಸೂಪರ್‌ವೈಸರ್ ಹೇಳಿದಳು. ಲಾರಿಗಳು ಓಡಾಡುತ್ತವೆ, ಮೆಟ್ಟಿಲು ಕಡಿದು, ವಯಸ್ಸಾದವರು. ಶನಿವಾರ ಕರೆದುಕೊಂಡು ಬಾ, ಜಾಕೆಟ್ ಮತ್ತು ಕಬ್ಬಿಣದ ತುದಿಯ ಬೂಟು ಹಾಕಿಸು. ಅವಳು ಹೇಳಿದ್ದು ಸರಿಯಾಗಿತ್ತು. ಅದು ಸರಿ ಎಂಬುದೇ ನನ್ನ ಸಿಟ್ಟನ್ನು ಹೆಚ್ಚು ಮಾಡಿತು. ಮಾವ ಬಂದಿಳಿದದ್ದು ಸೋಮವಾರ.

ಮಂಗಳವಾರ ಹನ್ನೊಂದು. ಬುಧವಾರ ಹನ್ನೊಂದು. ಗುರುವಾರ ಆರು. ಸಂಜೆ ಮನೆಗೆ ಹೋದ ಕೂಡಲೇ ಮಾವ ತಲೆ ಎತ್ತುತ್ತಿದ್ದರು, ನಾನು ಸಂಖ್ಯೆ ಹೇಳುತ್ತಿದ್ದೆ, ಅವರು ಹೂಂ ಅನ್ನುತ್ತಿದ್ದರು. ಶುಕ್ರವಾರ ಮಳೆ, ಗಾಜಿನಾಚೆ ಏನೂ ಸ್ಪಷ್ಟವಿರಲಿಲ್ಲ. “ಎಣಿಸಲು ಆಗಲಿಲ್ಲ,” ಎಂದೆ.

“ಅದೂ ಒಂದು ಎಂಟ್ರಿ,” ಅಂದರು.

ಶನಿವಾರ ಉಬ್ಬರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಇತ್ತು. ಒಂಬತ್ತಕ್ಕೇ ಹೊರಟೆವು: ನಾನು, ಮಾವ, ಹತ್ತು ವರ್ಷದ ಮಗಳು. ಏವನ್‌ಡೇಲಿನ ಭಾನುವಾರದ ಸಂತೆಯಲ್ಲಿ ತಿಂಗಳ ಹಿಂದೆಯೇ ಕೊಂಡಿಟ್ಟಿದ್ದ ಹಳೆಯ ದುರ್ಬೀನು, ಅದರ ಮೂರು ಕಾಲಿನ ಸ್ಟ್ಯಾಂಡು ಡಿಕ್ಕಿಯಲ್ಲಿತ್ತು. ಮಾವ ಮಂಕಿ ಟೋಪಿಯ ಮೇಲೆ ಕಿತ್ತಳೆ ಜಾಕೆಟ್ ಹಾಕಿಕೊಂಡು, ಫೋರ್ಕ್‌ಲಿಫ್ಟಿನವನು ಕೊಟ್ಟಿದ್ದ ಹಳೆಯ ಬೂಟಿನೊಳಗೆ ಎರಡು ಜೊತೆ ಸಾಕ್ಸ್ ತುರುಕಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲೆ ಬಂದು ದುರ್ಬೀನಿಗೆ ಕಣ್ಣು ಇಟ್ಟವರು, “ನನ್ನ ಕಣ್ಣಿಗೂ ಇದಕ್ಕೂ ಅಳತಿ ಸರಿ ಆತು ನೋಡ್ರಿ. ಎರಡೂ ಕೊಳವಿ,” ಅಂದರು.

ಸೂರಿನ ಮೇಲೆ ಕಡಲಕಾಗೆಗಳು ಮಾತ್ರ ಇದ್ದವು. ಹತ್ತಾಯಿತು. ಹತ್ತೂವರೆಗೆ ಎರಡು ಬೂದು ಹಕ್ಕಿ ತಗ್ಗಿನಲ್ಲಿ ಹಾರಿಬಂದು ಸೂರಿನ ಈಚೆಯ ಅಂಚಿನಲ್ಲಿ ಇಳಿದವು. ನಾನು ದುರ್ಬೀನನ್ನು ತಿರುಗಿಸಿ ಸರಿಯಾಗಿ ಕೂರಿಸುವಷ್ಟರಲ್ಲಿ, ಅಂದರೆ ಒಂದು ನಿಮಿಷವೂ ಆಗಿರಲಿಲ್ಲ, ಎರಡೂ ತಲೆಯನ್ನು ಹಿಂದಕ್ಕೆ ಹೊರಳಿಸಿ ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ಮಲಗಿಬಿಟ್ಟವು.

ಮಾವ ನೋಡಿದರು. ಬಹಳ ಹೊತ್ತು ನೋಡಿದರು.

“ಹಕ್ಕಿ ಐತಿ. ಕೊಕ್ಕ ಎಲ್ಲೈತ್ರಿ?”

“ಗರಿಯೊಳಗೆ ಇಟ್ಕೊಂಡು ಮಲಗಿದೆ ಮಾವ. ಏಳುತ್ತೆ.”

“ಇಟ್ಸ್ ಸ್ಲೀಪಿಂಗ್, ಅಜ್ಜ,” ಅಂದಳು ಮಗಳು.

“ಗೊತ್ತಾತ ಬಿಡವಾ. ಗದಗಿನಿಂದ ನಾ ಎದ್ದು ಬಂದೀನಿ, ಇದು ಇಲ್ಲಿ ಮಲಗೇತಿ.”

ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಒಂದು ಹಕ್ಕಿ ಕಾಲು ಬದಲಾಯಿಸಿತು. ಇನ್ನೊಂದು ಒಂಟಿ ಕಾಲಿನಲ್ಲೇ ಕುಪ್ಪಳಿಸಿ ನಾಲ್ಕು ಇಂಚು ಆಚೆ ನಿಂತಿತು, ಕುಪ್ಪಳಿಸುವಾಗಲೂ ಕೊಕ್ಕು ಹೊರಗೆ ಬರಲಿಲ್ಲ. ನಾನು ಕುರ್ಚಿ ತಂದುಕೊಟ್ಟೆ. ಮಾವ ಕೂರಲಿಲ್ಲ, ಕೂತರೆ ದುರ್ಬೀನಿನ ಎತ್ತರ ತಪ್ಪುತ್ತದೆ ಅಂದರು. ಅವರ ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಂಡು ಮತ್ತೆ ಇಡುತ್ತಿದ್ದರು.

ಆ ಶನಿವಾರ ಒಂದಷ್ಟು ಹೆಚ್ಚಿನ ಕೆಲಸಕ್ಕೆ ಬಂದಿದ್ದ ಫೋರ್ಕ್‌ಲಿಫ್ಟಿನವನು ಮೇಲೆ ಬಂದ. ಪರಿಸ್ಥಿತಿ ನೋಡಿ, ಕೆಳಗೆ ಹೋಗಿ ಒಂದೇ ಒಂದು ಸಲ ಹಾರ್ನ್ ಹೊಡೆಯುತ್ತೇನೆ, ತಲೆ ಎತ್ತೇ ಎತ್ತುತ್ತವೆ ಅಂದ. “ಅಂಕಲ್ ರೆಡಿಯಾಗಿರಲಿ.”

ನಾನು ಆಗಲಿ ಅನ್ನಲು ಬಾಯಿ ತೆರೆದಿದ್ದೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ಆ ಹಕ್ಕಿಗೆ ಕಲ್ಲು ಹೊಡೆಯಲೂ ನಾನು ತಯಾರಿದ್ದೆ. ಮಗಳು ಅವನ ಮಾತನ್ನು ಅಜ್ಜನ ಕಿವಿಯ ಹತ್ತಿರ ತನ್ನ ಅರೆಬರೆ ಕನ್ನಡದಲ್ಲಿ ತಿಳಿಸಿದಳು.

“ಬ್ಯಾಡಂತ ಹೇಳ್ರಿ ಅವರಿಗೆ,” ಅಂದರು ಮಾವ, ದುರ್ಬೀನಿನಿಂದ ಕಣ್ಣು ತೆಗೆಯದೆ. “ಅವಕ್ಕ ಇನ್ನೂ ದೂರ ಹೋಗೂದೈತಿ. ಮಲಗಲಿ.”

ಅವನಿಗೆ ಬೇಡ ಎಂದೆ. ಅವನು ಮಾವನ ಭುಜ ತಟ್ಟಿ ಹೋದ.

ಒಂದು ಗಂಟೆಯ ಹೊತ್ತಿಗೆ ನೀರು ಇಳಿಯಿತು. ಕೆಸರಿನ ಅಂಚು ಕಾಣಿಸಿದ್ದೇ ತಡ ಎರಡೂ ಹಕ್ಕಿ ಎದ್ದು ಹಾರಿದವು. ನಾನು ಬರಿಗಣ್ಣಿನಲ್ಲಿ ನೋಡಿದೆ, ಅಷ್ಟು ದೂರದಿಂದ ಕೊಕ್ಕು ಕಾಣುವುದಿಲ್ಲ. ಮಾವ ದುರ್ಬೀನನ್ನು ಅತ್ತಿತ್ತ ತಿರುಗಿಸಿದರು. ಕೊಳವೆಯೊಳಗೆ ಸೂರಿತ್ತು, ಆಕಾಶವಿತ್ತು, ಹಕ್ಕಿ ಸಿಕ್ಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆಗೆದು, “ಹೋದ್ವೇನು?” ಎಂದು ಕೇಳಿದರು.

ಮುಂದಿನ ಶನಿವಾರ ಸೂರು ಖಾಲಿ. ಅದರ ಮುಂದಿನದೂ ಖಾಲಿ. ದಕ್ಷಿಣಕ್ಕೇ ಕರೆದುಕೊಂಡು ಹೋಗೋಣವೆಂದು ಹಕ್ಕಿ ನೋಡುವವರ ಒಂದು ಗುಂಪಿಗೆ ಫೋನ್ ಮಾಡಿದೆ. ಅಲ್ಲಿ ಅವು ಹಿಂಡಾಗಿ ಇರುವುದಿಲ್ಲ, ಮೈಲಿಗಟ್ಟಲೆ ಕಲ್ಲು ನದಿಯಲ್ಲಿ ಜೋಡಿ ಜೋಡಿಯಾಗಿ ಚದುರಿರುತ್ತವೆ, ಕಲ್ಲಿನ ಬಣ್ಣವೇ ಹಕ್ಕಿಯ ಬಣ್ಣ, ಮಂಡಿ ನೋವಿರುವವರಿಗೆ ಆಗದ ಮಾತು ಎಂದು ಸಭ್ಯವಾಗಿ ವಿವರಿಸಿದರು. ಸೆಪ್ಟೆಂಬರ್ ಕೊನೆಗೆ ಕರೆದುಕೊಂಡು ಬನ್ನಿ, ಅಲಾಸ್ಕದಿಂದ ಗಾಡ್‌ವಿಟ್ ಹಕ್ಕಿಗಳು ಬಂದಿಳಿಯುತ್ತವೆ, ಸಾವಿರಾರು, ಅಂದರು. ಮಾವನಿಗೆ ಹೇಳಿದೆ.

“ಅದರ ಕೊಕ್ಕ?”

“ಸ್ವಲ್ಪ ಮೇಲಕ್ಕೆ ಬಾಗಿರುತ್ತಂತೆ.”

“ಮ್ಯಾಲ ಬಾಗಿದ್ದು ನಮ್ಮಲ್ಲೂ ಅದಾವು,” ಎಂದು ಟೀವಿಯ ಕಡೆ ತಿರುಗಿದರು.

ಆ ಸಂಜೆಯೇ ನನ್ನ ನೋಟ್‌ಬುಕ್ ಕೇಳಿದರು. ಅಡುಗೆಮನೆಯ ಮೇಜಿನ ಮೇಲೆ ದೀಪದಡಿ ಹಿಡಿದು ನಾಲ್ಕು ಸಾಲನ್ನೂ ಮೂಗಿಗೆ ತಾಗಿಸಿಕೊಂಡು ಓದಿದರು.

“ಇದು ಯಾವ ತಾರೀಖ್ರಿ?”

“ಹಕ್ಕಿ ಹೋದದ್ದು.”

“ಯಾವ ಹಕ್ಕಿ? ಮೊದಲನೇದೋ, ಕಡೀದೋ?”

ನಾನು ಯೋಚಿಸಿದೆ. ಸೂರು ಪೂರ್ತಿ ಖಾಲಿಯಾದ ದಿನ ಬರೆದದ್ದು. ಅಂದರೆ ಕೊನೆಯದು.

“ಕಡೀ ಹಕ್ಕೀದು ಬರದೀರಿ. ಬಸ್ ಸ್ಟ್ಯಾಂಡಿನಾಗ ಕಡೀ ಬಸ್ಸಿನ ವ್ಯಾಳ್ಯಾ ಒಂದ ಬರದಿಟ್ಟಂಗ ಆತಲ್ರಿ ಇದು. ಅರ್ಧಾ ಹಿಂಡು ಹೋಗಿದ್ದು ಯಾವಾಗ? ಥಂಡಿ ಎಷ್ಟಿತ್ತು? ಗಾಳಿ ಯಾವ ಕಡೀಂದು?”

ಯಾವುದೂ ಇರಲಿಲ್ಲ. ಡೆಸ್ಕಿನಲ್ಲಿ ಕಲಿತ ಪಾಠ ಅದು: ಯಾವ ಘಟನೆಗೂ ಒಂದು ದಿನಾಂಕ ಬೇಕು, ಶೀರ್ಷಿಕೆಯಲ್ಲಿ ಹಿಡಿಯಬೇಕು. ಆರು ವಾರ ನಿಧಾನವಾಗಿ ನಡೆಯುವುದನ್ನು ನಾನು ಒಂದು ದಿನದ ಸುದ್ದಿ ಮಾಡಿದ್ದೆ. ಹಿಂದಿನ ವರ್ಷಗಳಲ್ಲೂ ಆಗಸ್ಟ್ ನಡುವಿನ ಹೊತ್ತಿಗೆ ಸೂರು ಅರ್ಧ ಖಾಲಿಯಾಗಿರುತ್ತಿತ್ತೋ ಏನೋ. ನೋಡಿದ್ದೆ, ಬರೆದಿರಲಿಲ್ಲ, ಆದ್ದರಿಂದ ಈಗ ನೆನಪೂ ಇಲ್ಲ.

ಮಾವ ಮೊಮ್ಮಗಳ ಸ್ಕೇಲು ತರಿಸಿ ಮುಂದಿನ ಪುಟದಲ್ಲಿ ರಿಜಿಸ್ಟರಿನಂತೆ ಮನೆಗಳ ಕೋಷ್ಟಕ ಎಳೆದರು. ಗೆರೆ ಅಲ್ಲಲ್ಲಿ ಓರೆಯಾಯಿತು. ಮೊದಲ ಹಕ್ಕಿ, ಅರ್ಧ, ಕಡೀ ಹಕ್ಕಿ, ಥಂಡಿ, ಗಾಳಿ, ಷರಾ. ಆ ವರ್ಷದ ಸಾಲನ್ನು ನಾನು ತುಂಬಿದೆ. ಷರಾದ ಮನೆಗೆ ಬಂದಾಗ, “ಮಾವನವರು ಎರಡು ಹಕ್ಕಿ ನೋಡಿದರು ಅಂತ ಬರೀತೀನಿ,” ಎಂದೆ.

“ಬರೀರಿ. ಮುಂದ, ಕೊಕ್ಕು ಕಂಡಿಲ್ಲ ಅಂತ ಬರೀರಿ.”

ಹೆಂಡತಿ ಪಾತ್ರೆ ಒರೆಸುತ್ತಿದ್ದವಳು ತಿರುಗಿದಳು. “ಅಪ್ಪಾ, ಇವರು ನೂರು ಸಲ ನೋಡ್ಯಾರ. ಸೊಟ್ಟನ ಐತಿ. ನಿನ್ನ ಪುಸ್ತಕದಾಗೂ ಬರದು ಬಿಡು, ಯಾರ ಕೇಳತಾರ?”

“ಯಾರೂ ಕೇಳೂದಿಲ್ಲವಾ. ಕೆರೀದೂ ಯಾರೂ ಕೇಳತಿರಲಿಲ್ಲ.”

ಅವಳು ಪಾತ್ರೆಯನ್ನು ಸದ್ದಾಗುವಂತೆ ಇಟ್ಟಳು. ಸಿಟ್ಟು ಅಪ್ಪನ ಮೇಲಲ್ಲ ಎಂದು ನನಗೆ ಗೊತ್ತಿತ್ತು. ಅಕ್ಟೋಬರಿನಲ್ಲಿ ಮಾವ ವಾಪಸು ಹೋದರು.

ಮರುವರ್ಷ ಚಳಿ ಸರಿಯಾಗಿ ಬಿತ್ತು. ಜೂನಿನಿಂದಲೇ ಹುಲ್ಲು ಬೆಳಗ್ಗೆ ಹಿಮ ಕಟ್ಟಿ ಬೆಳ್ಳಗಿರುತ್ತಿತ್ತು, ಹೀಟರ್ ದಿನವಿಡೀ ಉರಿಯಿತು. ಆಗಸ್ಟಿನ ಎರಡನೇ ವಾರ, ಹಿಂದಿನ ವರ್ಷ ಮಾವ ಬಂದಿಳಿದ ಅದೇ ಸೋಮವಾರಕ್ಕೆ, ಸೂರಿನ ಮೇಲೆ ನೂರಾ ಎಪ್ಪತ್ತು ಹಕ್ಕಿ ಇದ್ದವು. ಕಡೆಯದು ಹೋದದ್ದು ಸೆಪ್ಟೆಂಬರಿನ ಮೊದಲ ವಾರ. ನನ್ನ ಹಳೆಯ ನಾಲ್ಕು ಸಾಲಿಗೆ ತಕ್ಕಂತೆಯೇ. ಎಲ್ಲ ಮನೆಗಳನ್ನೂ ತುಂಬಿದೆ. ಒಂದು ಹಕ್ಕಿ ಕಿಟಕಿಗೆ ತೀರ ಹತ್ತಿರ ನಿಂತು, ಕೊಕ್ಕನ್ನು ಹೊರಗಿಟ್ಟುಕೊಂಡು, ಇಡೀ ಸ್ಮೋಕೋ ಅತ್ತಿತ್ತ ನೋಡುತ್ತಿತ್ತು.

ಭಾನುವಾರ ಫೋನಿನಲ್ಲಿ ಸಂಖ್ಯೆಗಳನ್ನು ಓದಿ ಹೇಳಿದೆ. ಆ ಹೊತ್ತಿಗೆ ಮಾವನ ಬಲಗಣ್ಣಿಗೆ ಬೆಳಕು ಕತ್ತಲೆಯ ಗುರುತು ಮಾತ್ರ ಉಳಿದಿತ್ತು. ಕಾಗದ ಓದಲು ಪಕ್ಕದ ಮನೆಯವರು ಬರುತ್ತಿದ್ದರು. ಮಾವ ಪೂರ್ತಿ ಕೇಳಿಸಿಕೊಂಡರು. ಅರ್ಧ ಹಿಂಡು ಹೋದ ತಾರೀಖನ್ನು ಇನ್ನೊಂದು ಸಲ ಹೇಳಿಸಿದರು.

“ಕೊಕ್ಕ?”

“ಬಲಕ್ಕೇ ಇತ್ತು ಮಾವ. ತುಂಬ ಹತ್ತಿರದಿಂದ ನೋಡಿದೆ. ನಿಮ್ಮ ಪುಸ್ತಕದಲ್ಲಿ ಬರೆಸಲಾ?”

“ನೋಡಿದವ್ರು ಯಾರು?”

“ನಾನು.”

“ಹಂಗಾದ್ರ ನಿಮ್ಮದರಾಗ ಬರೀರಿ,” ಅಂದರು. “ನನ್ನದರಾಗ ಆ ಸಾಲು ಖಾಲಿ ಬಿಟ್ಟೀನಿ. ಅದು ಹಂಗ ಇರಲಿ.”